ದೊಡ್ಡಿ ಖಾಲಿಯಾದ ಮೇಲೂ ಜಾತ್ರೆ

ಕನ್ಸಾಸ್ ನದಿ ಮಿಸೌರಿ ನದಿಯನ್ನು ಕೂಡುವ ಮೂಲೆಯಲ್ಲಿ, ಗುಡ್ಡದ ಬುಡಕ್ಕೆ ಒಂದು ತಗ್ಗು ನೆಲವಿದೆ. ಹೆಸರು ವೆಸ್ಟ್ ಬಾಟಮ್ಸ್. ಅಮೆರಿಕದ ಕನ್ಸಾಸ್ ಸಿಟಿಯ ಈ ಕೇರಿಯ ನಡುವೆಯೇ ರಾಜ್ಯದ ಗಡಿ ಹಾಯುತ್ತದೆ, ಆಚೆಗೆ ಕನ್ಸಾಸ್, ಈಚೆಗೆ ಮಿಸೌರಿ. ಹೊಳೆ ಉಕ್ಕಿದರೆ ಮೊದಲು ನೀರು ನುಗ್ಗುವುದು ಇಲ್ಲಿಗೇ. ಅನುಕೂಲವಿದ್ದವರು ಗುಡ್ಡ ಹತ್ತಿ ಮನೆ ಕಟ್ಟಿಕೊಂಡರು, ಕೆಳಗಿನ ನೆಲ ದನಕ್ಕೂ ರೈಲಿಗೂ ಉಳಿಯಿತು.

ಊರಿನ ಹಣೆಬರಹ ತಿರುಗಿದ್ದು 1869ರಲ್ಲಿ, ಮಿಸೌರಿ ನದಿಗೆ ಹ್ಯಾನಿಬಲ್ ಸೇತುವೆ ಕಟ್ಟಿ ಮುಗಿದಾಗ. ರೈಲು ದಾಟಿದ ಎರಡೇ ವರ್ಷಕ್ಕೆ, 1871ರಲ್ಲಿ, ವೆಸ್ಟ್ ಬಾಟಮ್ಸ್‌ನಲ್ಲಿ ದನದ ದೊಡ್ಡಿಗಳು ಎದ್ದವು. ಟೆಕ್ಸಾಸ್ ಕಡೆಯ ದನಗಳನ್ನು ಹೊಡೆದುಕೊಂಡು ಬಂದು ಕನ್ಸಾಸಿನ ಸ್ಟೇಷನ್‌ಗಳಲ್ಲಿ ರೈಲಿಗೆ ಹತ್ತಿಸುತ್ತಿದ್ದ ಕಾಲ ಅದು. ಇಲ್ಲಿ ಇಳಿಸಿ, ನೀರು ಮೇವು ಕೊಟ್ಟು, ದಲ್ಲಾಳಿಗಳ ಕೈಯಲ್ಲಿ ವ್ಯಾಪಾರ ಮುಗಿಸಿ, ಪಕ್ಕದಲ್ಲೇ ಇದ್ದ ಆರ್ಮರ್, ಸ್ವಿಫ್ಟ್, ಕುಡಾಹಿ ಕಂಪನಿಗಳ ಕಸಾಯಿಖಾನೆಗೆ ಸಾಗಿಸುತ್ತಿದ್ದರು. ದೇಶದಲ್ಲಿ ಇದಕ್ಕಿಂತ ದೊಡ್ಡ ದನದ ಮಾರುಕಟ್ಟೆ ಇದ್ದದ್ದು ಷಿಕಾಗೋ ಒಂದರಲ್ಲೇ. 1923ರ ಒಂದೇ ವರ್ಷದಲ್ಲಿ ಈ ದೊಡ್ಡಿಗಳಿಗೆ ಬಂದ ದನ 26 ಲಕ್ಷಕ್ಕೂ ಮಿಗಿಲು, ಹಂದಿಗಳೂ ಹೆಚ್ಚು ಕಡಿಮೆ ಅಷ್ಟೇ. ದಲ್ಲಾಳಿಗಳ ಕಚೇರಿಗಳಿಗೆಂದು ಕಟ್ಟಿದ ಒಂಬತ್ತು ಅಂತಸ್ತಿನ ಇಟ್ಟಿಗೆಯ ಲೈವ್‌ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡ ಈಗಲೂ ಜೆನೆಸೀ ಬೀದಿಯಲ್ಲಿ ನಿಂತಿದೆ.

ಜಾತ್ರೆ ಹುಟ್ಟಿದ್ದು ಈ ವಹಿವಾಟಿನ ಮಡಿಲಲ್ಲಿ. 1899ರಲ್ಲಿ ಹೆರ್‌ಫೋರ್ಡ್ ತಳಿಯ ಸಾಕಣೆದಾರರು, ಅಂದರೆ ಕೆಂಪು ಮೈ ಬಿಳಿ ಮೋರೆಯ ದನಗಳವರು, ದೊಡ್ಡಿಗಳ ಪಕ್ಕದಲ್ಲಿ ಡೇರೆ ಹಾಕಿ ತಮ್ಮ ರಾಸುಗಳನ್ನು ತೋರಿಸಿ ಮಾರಿದರು. ಇಂಗ್ಲೆಂಡಿನ ರಾಯಲ್ ಪ್ರದರ್ಶನವನ್ನು ನೆನೆದು ಇದನ್ನೂ ‘ರಾಯಲ್’ ಎಂದೇ ಕರೆಯೋಣ ಎಂದು 1901ರಲ್ಲಿ ಬರೆದವನು ದನದ ವ್ಯಾಪಾರಿಗಳ ಪತ್ರಿಕೆ ಡ್ರೋವರ್ಸ್ ಟೆಲಿಗ್ರಾಂನ ವಾಲ್ಟರ್ ನೆಫ್. ಹಾಗೆ ಅಮೆರಿಕನ್ ರಾಯಲ್ ಆಯಿತು. ರಾಜನಿಲ್ಲದ ದೇಶದಲ್ಲಿ ದನಕ್ಕೆ ದಕ್ಕಿದ ಪದವಿ! ಊರಿನ ಬೇಸ್‌ಬಾಲ್ ತಂಡ ರಾಯಲ್ಸ್‌ಗೂ ಹೆಸರು ಬಂದದ್ದು ಈ ದನದ ಜಾತ್ರೆಯಿಂದಲೇ.

ಶಾಲೆಯ ಮಕ್ಕಳು ಇಲ್ಲಿಗೆ ಬಂದ ದಾರಿ ಬೇರೆ. 1917ರ ಸ್ಮಿತ್-ಹ್ಯೂಸ್ ಕಾಯಿದೆ ಹೈಸ್ಕೂಲುಗಳಲ್ಲಿ ಬೇಸಾಯ ಕಲಿಸಲು ಕೇಂದ್ರದ ಹಣ ಕೊಟ್ಟಿತು. ಅದರಲ್ಲಿ ಒಂದು ಷರತ್ತಿತ್ತು: ವಿದ್ಯಾರ್ಥಿ ವರ್ಷಕ್ಕೆ ಕನಿಷ್ಠ ಆರು ತಿಂಗಳು ಜಮೀನಿನಲ್ಲೋ ಕೊಟ್ಟಿಗೆಯಲ್ಲೋ ಮೇಷ್ಟರ ಕಣ್ಣಳತೆಯಲ್ಲಿ ಕೈಯಾರೆ ಕೆಲಸ ಮಾಡಬೇಕು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಈ ಷರತ್ತು. ಪುಸ್ತಕ ಓದಿ ಪಾಸಾಗುವ ದಾರಿ ಮುಚ್ಚಿದ್ದರಿಂದಲೇ ಹುಡುಗನೊಬ್ಬ ಕರುವನ್ನೋ ಹಂದಿಯನ್ನೋ ಸಾಕಿ, ಲೆಕ್ಕ ಬರೆದು, ಕೊನೆಗೆ ಮಾರಲೇಬೇಕಾಯಿತು. ಮಾರುವುದಕ್ಕೆ ಕನ್ಸಾಸ್ ಸಿಟಿಗಿಂತ ಹೆಸರಾದ ಜಾಗ ಸುತ್ತಮುತ್ತಲ ರಾಜ್ಯಗಳಲ್ಲಿ ಇನ್ನೆಲ್ಲಿತ್ತು?

1926ರಿಂದ ರಾಯಲ್ ಜಾತ್ರೆಯಲ್ಲಿ ಬೇಸಾಯ ವಿದ್ಯಾರ್ಥಿಗಳಿಗೆ ರಾಸುಗಳ ಗುಣ ಅಳೆಯುವ ರಾಷ್ಟ್ರಮಟ್ಟದ ಸ್ಪರ್ಧೆ ಶುರುವಾಯಿತು. 1928ರ ನವೆಂಬರಿನಲ್ಲಿ, ಜಾತ್ರೆಯ ವಾರದಲ್ಲೇ, 18 ರಾಜ್ಯಗಳ 33 ವಿದ್ಯಾರ್ಥಿಗಳು ಊರಿನ ಬಾಲ್ಟಿಮೋರ್ ಹೋಟೆಲಿನಲ್ಲಿ ಸೇರಿ ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ ಎಂಬ ಸಂಘ ಕಟ್ಟಿದರು. ಚಂದಾ ವರ್ಷಕ್ಕೆ 10 ಸೆಂಟು. ಎಫ್‌ಎಫ್‌ಎ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ. 1933ರಲ್ಲಿ ಒಹಾಯೊದ ಫ್ರೆಡರಿಕ್‌ಟೌನ್ ಶಾಲೆಯವರು ನೀಲಿ ಕಾರ್ಡುರಾಯ್ ಜಾಕೆಟ್ ತೊಟ್ಟು ಬಂದರು, ಉಳಿದವರ ಕಣ್ಣು ಅದರ ಮೇಲೆ ಬಿತ್ತು, ಆಮೇಲೆ ಅದೇ ಸಂಘದ ಸಮವಸ್ತ್ರ. 1950ರಲ್ಲಿ ಸಂಘಕ್ಕೆ ಸಂಸತ್ತಿನ ಸನ್ನದು ಸಿಕ್ಕಾಗ ಸಹಿ ಹಾಕಿದ ಅಧ್ಯಕ್ಷ ಹ್ಯಾರಿ ಟ್ರೂಮನ್ ಪಕ್ಕದ ಇಂಡಿಪೆಂಡೆನ್ಸ್ ಊರಿನವರು, ಹರೆಯದಲ್ಲಿ ಕುಟುಂಬದ ಜಮೀನಿನಲ್ಲಿ ನೇಗಿಲು ಹಿಡಿದವರು.

ಕೈಯಲ್ಲಿ ಕಾಸಿಲ್ಲದ ಹುಡುಗ ರಾಸು ಎಲ್ಲಿಂದ ತರಬೇಕು? ಅದಕ್ಕೆ ಶಾಲಾ ಸಂಘಗಳು ಕಂಡುಕೊಂಡ ಉಪಾಯ ಹಂದಿಯ ಸರಪಳಿ. ಸಂಘ ಒಬ್ಬನಿಗೆ ಒಳ್ಳೆಯ ತಳಿಯ ಹೆಣ್ಣುಮರಿ ಕೊಡುತ್ತದೆ. ಅದು ಬೆಳೆದು ಈದಾಗ ಅವನು ಒಂದೋ ಎರಡೋ ಹೆಣ್ಣುಮರಿಗಳನ್ನು ಸಂಘಕ್ಕೆ ತಿರುಗಿಸಬೇಕು, ಅವು ಮುಂದಿನ ಹುಡುಗರ ಪಾಲು. ನಮ್ಮಲ್ಲಿ ಹಸು ಕುರಿಗಳನ್ನು ಪಾಲಿಗೆ ಕೊಡುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆಯೇ. ಆದರೆ ಇಲ್ಲಿ ಪಾಲು ವಾಪಸು ಹೋಗುವುದು ಧಣಿಗಲ್ಲ, ಇನ್ನೂ ಏನೂ ಇಲ್ಲದ ಸಹಪಾಠಿಗೆ. ಮೇವನ್ನು ಒಟ್ಟಿಗೆ ಸಗಟಾಗಿ ಕೊಳ್ಳುವುದು, ಒಂದೇ ಲಾರಿಯಲ್ಲಿ ಎಲ್ಲರ ರಾಸು ಹೇರುವುದು, ಮನೆಯಲ್ಲಿ ಕೊಟ್ಟಿಗೆ ಇಲ್ಲದವರಿಗೆ ಶಾಲೆಯ ಕೊಟ್ಟಿಗೆಯಲ್ಲಿ ಜಾಗ ಕೊಡುವುದು ಇವೆಲ್ಲ ಅದರ ಜೊತೆಗೇ ಬೆಳೆದವು.

ಬೀಜ ಒಡೆಸಿದ ಹೋರಿಗರುವಾದರೆ ಕೆಲಸ ಇನ್ನೂ ದೀರ್ಘ. ತಾಯಿಯ ಹಾಲು ಬಿಡಿಸಿದ ಕರು ತಂದು, ಹಗ್ಗ ಹಾಕಿ ಕಂಬಕ್ಕೆ ಕಟ್ಟಿ, ದಿನಾ ಮೈ ತಿಕ್ಕಿ ಮನುಷ್ಯನ ಕೈಗೆ ಒಗ್ಗಿಸಬೇಕು. ಮೊದಮೊದಲು ಕರುವೇ ಹುಡುಗನನ್ನು ಎಳೆದಾಡುತ್ತದೆ. ಇಷ್ಟು ಕಾಳು, ಇಷ್ಟು ಹುಲ್ಲು, ಇಷ್ಟು ತೂಕ ಎಂದು ಪುಸ್ತಕದಲ್ಲಿ ಬರೆದಿಡಬೇಕು. ಕೊನೆ ಗಳಿಗೆಯಲ್ಲಿ ಬೇರೆ ಕರು ತಂದು ನಿಲ್ಲಿಸದಂತೆ ಹಲವು ಜಾತ್ರೆಗಳಲ್ಲಿ ತಿಂಗಳುಗಳ ಮೊದಲೇ ಮೂಗಿನ ಅಚ್ಚು ತೆಗೆಯುವ ರೂಢಿ ಬಂತು. ಮನುಷ್ಯರ ಹೆಬ್ಬೆರಳಿನ ಗೆರೆಯಂತೆ ದನದ ಮೂತಿಯ ಗೆರೆಯೂ ಒಂದರದ್ದು ಇನ್ನೊಂದಕ್ಕೆ ಇಲ್ಲ. ಪ್ರದರ್ಶನದ ದಿನ ಮೈ ತೊಳೆದು, ಗಾಳಿಯಂತ್ರ ಹಿಡಿದು ಒಣಗಿಸಿ, ಕಾಲಿನ ಕೂದಲನ್ನು ಮೇಲ್ಮುಖವಾಗಿ ಬಾಚುತ್ತಾರೆ, ಮೂಳೆ ದಪ್ಪಗೆ ಕಾಣಲೆಂದು. ಕಣದಲ್ಲಿ ಹುಡುಗನ ಕೈಯಲ್ಲೊಂದು ಉದ್ದನೆಯ ಕೋಲು, ತುದಿಗೆ ಕೊಕ್ಕೆ. ಹೊಡೆಯಲಿಕ್ಕಲ್ಲ, ಗೊರಸಿಗೆ ತಾಗಿಸಿ ಕಾಲು ನೆಟ್ಟಗೆ ಇಡಿಸಲಿಕ್ಕೆ, ಹೊಟ್ಟೆಯಡಿ ಕೆರೆದು ಸುಮ್ಮನಿರಿಸಲಿಕ್ಕೆ. ತೀರ್ಪುಗಾರ ಬೆನ್ನಿನ ಮೇಲೆ, ಪಕ್ಕೆಲುಬಿನ ಮೇಲೆ ಅಂಗೈ ಆಡಿಸಿ ಮಾಂಸ ಎಷ್ಟು, ಕೊಬ್ಬು ಎಷ್ಟು ಎಂದು ಅಂದಾಜು ಮಾಡುತ್ತಾನೆ. ಗೆದ್ದ ರಾಸುಗಳನ್ನು ಹರಾಜಿನಲ್ಲಿ ಬ್ಯಾಂಕಿನವರು, ಹೋಟೆಲಿನವರು, ಅಂಗಡಿಯವರು ಪೇಟೆ ದರಕ್ಕಿಂತ ಎಷ್ಟೋ ಹೆಚ್ಚಿಗೆ ಕೂಗುತ್ತಾರೆ. ಹರಾಜಾದ ಹೋರಿ ಮನೆಗೆ ಮರಳುವುದಿಲ್ಲ, ಲಾರಿ ಹೋಗುವುದು ಕಸಾಯಿಖಾನೆಗೆ. ಕಣ್ಣೀರು ಹಾಕುವ ಮಕ್ಕಳು ಪ್ರತಿ ಜಾತ್ರೆಯಲ್ಲೂ ಇರುತ್ತಾರೆ. ಇದು ಕ್ರೂರವೆನ್ನುವವರಿದ್ದಾರೆ. ಮಾಂಸ ಎಲ್ಲಿಂದ ಬರುತ್ತದೆಂದು ತಿಳಿಯದೆ ತಿನ್ನುವುದಕ್ಕಿಂತ ಇದು ಪ್ರಾಮಾಣಿಕ ಎಂಬ ವಾದ ನನಗೆ ಹೆಚ್ಚು ಒಪ್ಪಿಗೆ.

ಸಂಘದ ಬಾಗಿಲು ಮಾತ್ರ ಬಹುಕಾಲ ಎಲ್ಲರಿಗೂ ತೆರೆದಿರಲಿಲ್ಲ. 1930ರಲ್ಲೇ ಹುಡುಗಿಯರಿಗೆ ಸದಸ್ಯತ್ವವಿಲ್ಲವೆಂದು ಠರಾವಾಯಿತು. ವರ್ಣಭೇದದ ಗೋಡೆಯಿದ್ದ ದಕ್ಷಿಣದ ಶಾಲೆಗಳ ಕಪ್ಪು ಹುಡುಗರು ನ್ಯೂ ಫಾರ್ಮರ್ಸ್ ಆಫ್ ಅಮೆರಿಕ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. 1965ರಲ್ಲಿ ಅದು ದೊಡ್ಡ ಸಂಘದಲ್ಲಿ ಲೀನವಾಯಿತು. ಅವರ ಕಪ್ಪು-ಹೊನ್ನಿನ ಜಾಕೆಟ್ ಕಣ್ಮರೆಯಾಯಿತು, ನೀಲಿಯದು ಉಳಿಯಿತು. ಹುಡುಗಿಯರಿಗೆ ಪೂರ್ಣ ಪ್ರವೇಶ ಸಿಕ್ಕಿದ್ದು 1969ರಲ್ಲಿ.

ಅಷ್ಟರಲ್ಲಿ ಊರಿನ ಅಡಿಪಾಯವೇ ಜಾರುತ್ತಿತ್ತು. 1951ರ ಜುಲೈ 13ರಂದು ಕನ್ಸಾಸ್ ನದಿ ಒಡ್ಡು ದಾಟಿ ವೆಸ್ಟ್ ಬಾಟಮ್ಸನ್ನು ಮುಳುಗಿಸಿತು, ದೊಡ್ಡಿಯಲ್ಲಿದ್ದ ದನಗಳು ಕೊಚ್ಚಿಹೋದವು. ಆ ಪೆಟ್ಟಿನಿಂದ ಮಾರುಕಟ್ಟೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ ಎನ್ನುವುದು ರೂಢಿಯ ಮಾತು. ಆದರೆ ಪ್ರವಾಹ ಬರದಿದ್ದರೂ ಅದು ಉಳಿಯುತ್ತಿತ್ತೆಂದು ನನಗನ್ನಿಸುವುದಿಲ್ಲ. ರೈಲಿನ ಜಾಗಕ್ಕೆ ಲಾರಿ ಬಂದಿತ್ತು. ಮಾಂಸದ ಕಂಪನಿಗಳು ಪಶ್ಚಿಮ ಕನ್ಸಾಸಿನ ಡಾಡ್ಜ್ ಸಿಟಿ, ಗಾರ್ಡನ್ ಸಿಟಿಗಳಲ್ಲಿ, ದನ ಮೇಯಿಸುವ ಆವರಣಗಳ ಪಕ್ಕದಲ್ಲೇ ಕಾರ್ಖಾನೆ ತೆರೆದು, ದಲ್ಲಾಳಿಯಿಲ್ಲದೆ ನೇರವಾಗಿ ಕೊಳ್ಳತೊಡಗಿದವು. 1991ರಲ್ಲಿ ಕನ್ಸಾಸ್ ಸಿಟಿಯ ದೊಡ್ಡಿಗಳು ಮುಚ್ಚಿದವು. ಇದೇ ಊರಿನಲ್ಲಿ ಸೇರುತ್ತಿದ್ದ ಎಫ್‌ಎಫ್‌ಎ ಮಹಾಸಭೆಯೂ 1998ರ ನಂತರ ಲೂಯಿವಿಲ್‌ಗೆ ಹೋಗಿ, ಅಲ್ಲಿಂದ ಇಂಡಿಯಾನಾಪೊಲಿಸ್ ಸೇರಿತು.

ರಾಯಲ್ ಜಾತ್ರೆ ಮಾತ್ರ ನಿಲ್ಲಲಿಲ್ಲ. ಲಕ್ಷಗಟ್ಟಲೆ ದನ ಕೈ ಬದಲಾಗುತ್ತಿದ್ದ ಊರಿಗೆ ಈಗ ಶರತ್ಕಾಲದಲ್ಲಿ ಮಕ್ಕಳು ತಾವು ಸಾಕಿದ ಹೋರಿ, ಹಂದಿ, ಕುರಿಗಳನ್ನು ಟ್ರೇಲರಿನಲ್ಲಿ ತರುತ್ತಾರೆ. ವೆಸ್ಟ್ ಬಾಟಮ್ಸ್‌ನ ಹಳೆಯ ಉಗ್ರಾಣಗಳಲ್ಲಿ ಹಳೆಸಾಮಾನಿನ ಅಂಗಡಿಗಳು, ಅಕ್ಟೋಬರಿನಲ್ಲಿ ಭೂತಬಂಗಲೆಯ ಆಟಗಳು. ರಾಯಲ್ ಹೆಸರಿನ ಬಾರ್ಬೆಕ್ಯೂ ಸ್ಪರ್ಧೆಗೆ ಸೇರುವ ಜನ ದನ ನೋಡಲು ಬರುವವರಿಗಿಂತ ಹೆಚ್ಚೆಂದರೆ ಆಶ್ಚರ್ಯವಿಲ್ಲ. 2016ರಲ್ಲಿ ಜಾತ್ರೆಯ ಆಡಳಿತದವರು ವೆಸ್ಟ್ ಬಾಟಮ್ಸ್ ಬಿಟ್ಟು, ಗಡಿಯಾಚೆ ಕನ್ಸಾಸ್ ರಾಜ್ಯದ ವಯಾಂಡಾಟ್ ಕೌಂಟಿಯಲ್ಲಿ ಹೊಸ ಆವರಣ ಕಟ್ಟಿಕೊಳ್ಳುವುದೆಂದು ಪ್ರಕಟಿಸಿದರು.