ಲಿಪಿಕಾರ ಪರಂಪರೆ ಮತ್ತು ಮುಕ್ತ ತಂತ್ರಾಂಶ: ಹಂಪಸಾಗರ ಪರಿಸರವನ್ನು ಕುರಿತು ಒಂದು ವಿವೇಚನೆ

ಒಂದು ಗ್ರಂಥವು ಉಳಿದು ಬರುವುದು ಅದನ್ನು ರಚಿಸಿದ ಕವಿಯೊಬ್ಬನಿಂದಲೇ ಅಲ್ಲ. ಓಲೆಯನ್ನು ಹದಮಾಡಿದವರು, ಪ್ರತಿಮಾಡಿದ ಲಿಪಿಕಾರರು, ಮೂಲದೊಡನೆ ಹೋಲಿಸಿ ತಿದ್ದಿದ ಪಂಡಿತರು, ವೆಚ್ಚವನ್ನು ವಹಿಸಿದ ದಾನಿಗಳು, ಇವರೆಲ್ಲರೂ ಆ ಕಾರ್ಯದಲ್ಲಿ ಭಾಗಿಗಳು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಸರ್ವವಿದಿತ. ಆಕೆ ಆ ಕಾವ್ಯದ ಒಂದು ಪದ್ಯವನ್ನೂ ರಚಿಸಿದವಳಲ್ಲ. ಆದರೂ ಅದರ ಇತಿಹಾಸದಲ್ಲಿ ಕವಿಯ ಹೆಸರಿನೊಡನೆ ಆಕೆಯ ಹೆಸರೂ ನಿಂತಿದೆ. ಇಂದಿನ ಗಣಕಯುಗದಲ್ಲಿ ಈ ಬಗೆಯ ಕಾರ್ಯಕ್ಕೆ ಯಾವ ಸ್ಥಾನವಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗಣಕವನ್ನು ನಡೆಸುವ ಆದೇಶಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಅದರ ಮೂಲಪಾಠವನ್ನು ಮುಚ್ಚಿಡದೆ, ಯಾರು ಬೇಕಾದರೂ ಓದಿ, ತಿದ್ದಿ, ಪ್ರತಿಮಾಡಿ ಹಂಚಬಹುದೆಂಬ ಅನುಮತಿಯೊಡನೆ ಪ್ರಕಟಿಸಿದರೆ ಅದು ಮುಕ್ತ ತಂತ್ರಾಂಶವೆನಿಸುತ್ತದೆ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಸಾರಿದ ಗ್ನು ಯೋಜನೆ ಹಾಗೂ ೧೯೯೧ರಲ್ಲಿ ಹೊರಬಂದ ಲಿನಕ್ಸ್ ಇದರ ಪ್ರಸಿದ್ಧ ನಿದರ್ಶನಗಳು. ಇಂತಹ ಯೋಜನೆಗಳಲ್ಲಿ ಆದೇಶಗಳನ್ನು ಬರೆಯಬಲ್ಲ ತಜ್ಞರಿಗೆ ಮಾತ್ರ ಕೆಲಸವಿದೆ ಎಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಕನ್ನಡದ ಮಟ್ಟಿಗಂತೂ ತಜ್ಞರಿಗೆ ತಿಳಿಯದ, ಹಸ್ತಪ್ರತಿಯ ಅಭ್ಯಾಸಿಗೆ ಮಾತ್ರ ತಿಳಿದಿರುವ ಅನೇಕ ವಿಷಯಗಳು ಅಲ್ಲಿ ಅವಶ್ಯವಾಗಿವೆ.

ಪ್ರತಿಮಾಡುವವನ ಕಾರ್ಯ ಎಷ್ಟು ನಿರ್ಣಾಯಕವಾಗಬಲ್ಲದು ಎಂಬುದಕ್ಕೆ ಮೂಡಬಿದಿರೆಯ ಧವಲಾ ಗ್ರಂಥದ ಚರಿತ್ರೆಯೇ ಸಾಕ್ಷಿ. ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಅದು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಲಭ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಪ್ರತಿಮಾಡುವ ಕಾರ್ಯಕ್ಕೆ ನಿಯುಕ್ತರಾದರು. ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಮತ್ತೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರವನ್ನು ಸೇರಿ, ಅಲ್ಲಿಂದ ಮರುಪ್ರತಿಗಳಾಗಿ ಹರಡಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಮೊದಲ ಸಂಪುಟ ಅಚ್ಚಾದುದು ಇಂತಹ ಪ್ರತಿಗಳ ಬಲದಿಂದಲೇ. ಆ ಕೃತ್ಯದ ಔಚಿತ್ಯವನ್ನು ಕುರಿತು ಭಿನ್ನಾಭಿಪ್ರಾಯಗಳಿರಬಹುದು. ಅದರ ಪರಿಣಾಮವನ್ನು ಕುರಿತು ಇಲ್ಲ. ಮುಚ್ಚಿದ ಪಾಠ ಒಂದೆಡೆ ಕ್ಷೀಣಿಸುತ್ತದೆ. ಹಂಚಿದ ಪಾಠ ಹಲವೆಡೆ ಉಳಿಯುತ್ತದೆ.

ಈಗ ಅಕ್ಷರಗಳ ವಿಷಯಕ್ಕೆ ಬರಬಹುದು. ಲೋಕದ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪಟ್ಟಿಯಿದೆ. ಮುಕ್ತ ತಂತ್ರಾಂಶಗಳೂ ಮುಕ್ತ ಅಕ್ಷರವಿನ್ಯಾಸಗಳೂ ಅದನ್ನೇ ಅನುಸರಿಸುತ್ತವೆ. ಪಟ್ಟಿಯಲ್ಲಿಲ್ಲದ ಅಕ್ಷರ ಗಣಕದಲ್ಲಿ ಪಠ್ಯವಾಗಿ ನಿಲ್ಲಲಾರದು. ೧೯೯೦ರ ದಶಕದ ಆರಂಭದಲ್ಲಿ ಹಳಗನ್ನಡದ ೞ ಅಕ್ಷರ ಈ ಪಟ್ಟಿಯನ್ನು ಸೇರಿತು. ಆದರೆ ‘ಫಾ’ ಎಂಬ ತಪ್ಪು ಹೆಸರಿನಿಂದ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಮೂಲನಾಮ ಇಂದಿಗೂ ಹಾಗೆಯೇ ಇದೆ. ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಿದ್ದಾರೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ರಳ, ಕುಳ, ಕ್ಷಳಗಳ ವಿವೇಕವನ್ನು ಶಬ್ದಮಣಿದರ್ಪಣದಲ್ಲಿ ಬೋಧಿಸಿದ್ದನು. ಆ ಗ್ರಂಥವನ್ನು ಓದಿದ ಯಾವನೇ ಸಾಮಾನ್ಯ ವಿದ್ಯಾರ್ಥಿ ಈ ಪ್ರಮಾದವನ್ನು ತಡೆಯಬಹುದಾಗಿತ್ತು. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಖಡ್ಗ. ಅಕ್ಷರ ಮಸುಳಿದರೆ ಅರ್ಥವೂ ಮಸುಳುತ್ತದೆ.

ಅನಂತರದ ಬೆಳವಣಿಗೆ ಸಮಾಧಾನಕರ. ಅವಗ್ರಹಚಿಹ್ನೆ ೨೦೦೩ರಲ್ಲಿಯೂ, ಜಿಹ್ವಾಮೂಲೀಯ ಉಪಧ್ಮಾನೀಯಗಳು ೨೦೦೬ರಲ್ಲಿಯೂ, ಬರಹದ ಆರಂಭದಲ್ಲಿ ಕಾಣುವ ಸಿದ್ಧಂ ಚಿಹ್ನೆ ೨೦೧೮ರಲ್ಲಿಯೂ, ಸ್ವರರಹಿತ ನಕಾರದ ವಿಶಿಷ್ಟರೂಪವಾದ ನಕಾರಪೊಲ್ಲು ೨೦೨೧ರಲ್ಲಿಯೂ ಪಟ್ಟಿಗೆ ಸೇರಿದವು. ಇಂತಹ ಸೇರ್ಪಡೆಗೆ ಯಾರು ಬೇಕಾದರೂ ಮನವಿ ಸಲ್ಲಿಸಬಹುದು. ಅಲ್ಲಿ ಕೇಳುವುದು ಗಣಕವಿದ್ಯೆಯನ್ನಲ್ಲ, ಪ್ರಮಾಣವನ್ನು: ಆ ಚಿಹ್ನೆ ಯಾವ ಶಾಸನ, ಹಸ್ತಪ್ರತಿ ಅಥವಾ ಮುದ್ರಿತ ಗ್ರಂಥದಲ್ಲಿ ಪ್ರಯುಕ್ತವಾಗಿದೆ, ಅದರ ಛಾಯಾಚಿತ್ರವೆಲ್ಲಿ, ಸಮೀಪದ ಇತರ ಚಿಹ್ನೆಗಳಿಂದ ಅದು ಹೇಗೆ ಭಿನ್ನ ಎಂದು. ಇದು ಹಸ್ತಪ್ರತಿಶಾಸ್ತ್ರಜ್ಞರ ನಿತ್ಯದ ಕಾರ್ಯವೇ ಆಗಿದೆ. ಅಕ್ಷರವಿನ್ಯಾಸಗಳಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ತಪ್ಪಾಗಿ ಮೂಡಿದಾಗ ಅದನ್ನು ಗುರುತಿಸಿ, ಸರಿಯಾದ ರೂಪವನ್ನು ಆಧಾರಸಹಿತ ತಿಳಿಸುವುದೂ ಇದೇ ವರ್ಗಕ್ಕೆ ಸೇರುತ್ತದೆ.

ಪಾಠಪರಿಷ್ಕರಣವು ಎರಡನೆಯ ಕ್ಷೇತ್ರ. ವಿಕಿಸೋರ್ಸ್ ಎಂಬ ಮುಕ್ತ ಗ್ರಂಥಭಂಡಾರದಲ್ಲಿ ಗ್ರಂಥದ ಪುಟದ ಚಿತ್ರವನ್ನೂ ಅದರ ಪಠ್ಯವನ್ನೂ ಅಕ್ಕಪಕ್ಕದಲ್ಲಿ ಇರಿಸುತ್ತಾರೆ. ಒಬ್ಬನು ತಿದ್ದಿದ ಪುಟವನ್ನು ಬೇರೊಬ್ಬನು ಮತ್ತೆ ನೋಡಿ ಒಪ್ಪಿದ ಮೇಲೆಯೇ ಅದು ಪರಿಷ್ಕೃತವೆನಿಸುತ್ತದೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಿ ಓದಬೇಕೆಂದು ಪುಷ್ಪಿಕೆಗಳಲ್ಲಿ ಲಿಪಿಕಾರರು ಮಾಡುತ್ತಿದ್ದ ಬಿನ್ನಹ ಇಲ್ಲಿ ಒಂದು ವ್ಯವಸ್ಥೆಯೇ ಆಗಿದೆ. ಇಪ್ಪತ್ತು ಸಾವಿರಕ್ಕೂ ಮೀರಿದ ವಚನಗಳನ್ನು ಪದಶೋಧಕ್ಕೆ ಒದಗಿಸಿರುವ ವಚನ ಸಂಚಯದಲ್ಲಿ ಗಣಕತಜ್ಞರೊಡನೆ ಓ. ಎಲ್. ನಾಗಭೂಷಣ ಸ್ವಾಮಿಯವರಂತಹ ಸಾಹಿತ್ಯ ವಿದ್ವಾಂಸರು ಕೂಡಿ ದುಡಿದುದು ಸ್ಮರಣೀಯ.

ಪರಿಭಾಷೆ ಮೂರನೆಯದು. ತಂತ್ರಾಂಶಗಳ ಸೂಚನೆಗಳನ್ನು ಕನ್ನಡಿಸುವಾಗ ಫೈಲಿಗೆ ‘ಕಡತ’ ಎಂಬ ಶಬ್ದ ಬಳಕೆಗೆ ಬಂದಿದೆ. ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿಯನ್ನು ಲೇಪಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕವೇ ಕಡತ. ನಮ್ಮ ಹಳೆಯ ಲೇಖನಸಾಮಗ್ರಿಯ ಹೆಸರೊಂದು ಹೊಸ ಉಪಕರಣದಲ್ಲಿ ಜೀವಂತವಾಗಿರುವುದು ಶಬ್ದಸಂಪತ್ತನ್ನು ಬಲ್ಲವರ ಕೊಡುಗೆಯ ಬೆಲೆಯನ್ನು ತೋರಿಸುತ್ತದೆ.

ಈ ದೃಷ್ಟಿಯಿಂದ ಹಂಪಸಾಗರದ ಪರಿಸರವನ್ನು ನೋಡಬೇಕು. ೨೦೨೧ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಈ ಗ್ರಾಮದ ಸುತ್ತಲಿನ ಪ್ರದೇಶ ಪ್ರಾಚೀನ ಕೋಗಳಿ ನಾಡಿನ ನೆರೆಯದು. ಕೋಗಳಿಯ ಕ್ರಿ.ಶ. ೧೦೫೫ರ ಶಾಸನವು ಅಲ್ಲಿಯ ಬಸದಿಯನ್ನು ಗಂಗ ದುರ್ವಿನೀತನು ಮಾಡಿಸಿದನೆಂದೂ, ಇಂದ್ರಕೀರ್ತಿ ಮುನಿಯು ದತ್ತಿಯಿತ್ತನೆಂದೂ ತಿಳಿಸುತ್ತದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಶಾಸನಗಳ ದೊಡ್ಡ ಸಮುದಾಯವೇ ಇದೆ. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಅನೇಕ ಗ್ರಾಮಗಳು ಹಿನ್ನೀರಿನಲ್ಲಿ ಮುಳುಗಿದವು. ಜನರು ಬೇರೆಡೆ ನೆಲೆಸಿದರು. ಮುಳುಗಿದ ಊರು ಯಾವುದು, ಅದರ ಹೊಲ, ಕೆರೆ, ಗುಡಿಗಳ ಹೆಸರೇನು ಎಂಬುದನ್ನು ಯಾವ ಗಣಕತಜ್ಞನೂ ದೂರದಿಂದ ಹೇಳಲಾರನು. ಅದನ್ನು ಬಲ್ಲ ವೃದ್ಧರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂತಹ ಮುಕ್ತ ಭೂಪಟಗಳಲ್ಲಿ ಇಂದಿನ ಊರುಗಳ ಹೆಸರನ್ನು ಶುದ್ಧ ಕನ್ನಡರೂಪದಲ್ಲಿ ದಾಖಲಿಸುವುದು, ಹಳೆಯ ಸ್ಥಳನಾಮಗಳನ್ನು ಸಂಗ್ರಹಿಸುವುದು, ಮನೆಗಳಲ್ಲಿಯೂ ಮಠಗಳಲ್ಲಿಯೂ ಇರುವ ಓಲೆ ಕಡತಗಳ ಚಿತ್ರಗಳನ್ನು ಒಡೆಯರ ಒಪ್ಪಿಗೆಯೊಡನೆ ತೆಗೆದು ಪಾಠವನ್ನು ಲಿಪ್ಯಂತರಿಸುವುದು, ಇವೆಲ್ಲ ಅಲ್ಲಿಯ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕಾರ್ಯಗಳು.

ಲಿಪಿಕಾರನು ಕವಿಯಾಗಿರಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದುದು ಅಕ್ಷರಜ್ಞಾನ, ತಾಳ್ಮೆ, ಪಾಠನಿಷ್ಠೆ ಮಾತ್ರ. ಮುಕ್ತ ತಂತ್ರಾಂಶಕ್ಕೆ ನಮ್ಮಿಂದ ಬೇಕಾಗಿರುವುದೂ ಇವೇ. ೞಕಾರದ ತಪ್ಪು ಹೆಸರು ಶಾಶ್ವತವಾಗಿ ಉಳಿಯಿತು. ಬಲ್ಲವರು ಕಾಲದಲ್ಲಿ ಹೇಳದಿದ್ದುದರ ಫಲವದು. ಇನ್ನೂ ದಾಖಲಾಗದ ಚಿಹ್ನೆಗಳ ಮತ್ತು ಸ್ಥಳನಾಮಗಳ ವಿಷಯದಲ್ಲಿ ಹಾಗಾಗದಂತೆ ವಿದ್ವಾಂಸರು ಈಗಲೇ ಗಮನವೀಯುವುದು ಅವಶ್ಯ.