ಹತ್ತು ಸೆಂಟಿನ ಪುಸ್ತಕ



ಈ ಉಪನ್ಯಾಸಕ್ಕೆ ನನ್ನನ್ನು ಆಹ್ವಾನಿಸಿದಾಗ ನಾನು ಮಧುಮೇಹದ ಬಗೆಗೋ ರಕ್ತದೊತ್ತಡದ ಬಗೆಗೋ ಮಾತನಾಡುವೆನೆಂದು ಕಾರ್ಯದರ್ಶಿಗಳು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ವಾರದ ಐದು ದಿನವೂ ಅದನ್ನೇ ಹೇಳುವವನಿಗೆ ಆರನೆಯ ದಿನವಾದರೂ ಬಿಡುವು ಬೇಕು. ಆದುದರಿಂದ ನಾನು ಆರಿಸಿಕೊಂಡಿರುವುದು ಅಮೆರಿಕದ ಕಾಮಿಕ್ ಪುಸ್ತಕಗಳ ಸಂಗ್ರಹದ ಇತಿಹಾಸವನ್ನು. ಇದು ಹುಡುಗಾಟಿಕೆಯ ವಿಷಯವೆಂದು ನಾನೂ ಬಹುಕಾಲ ನಂಬಿದ್ದೆ. ಆ ನಂಬಿಕೆಯಿಂದ ನನ್ನ ಮನೆಯಲ್ಲಿ ಆದ ಒಂದು ನಷ್ಟದ ಸಂಗತಿಯನ್ನು ಮುಂದೆ ಹೇಳುತ್ತೇನೆ.

1996ರಲ್ಲಿ ರೆಸಿಡೆನ್ಸಿಗೆಂದು ನಾನು ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದಿಳಿದೆ. ಆ ನಗರದ ಗ್ಲೆನ್‌ವಿಲ್ ಬಡಾವಣೆಯೇ ಸೂಪರ್‌ಮ್ಯಾನ್‌ನ ನಿಜವಾದ ಜನ್ಮಸ್ಥಳವೆಂಬುದು ಆಗ ನನಗೆ ತಿಳಿದಿರಲಿಲ್ಲ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಶಾಲಾ ಮಿತ್ರರು, ಯೆಹೂದಿ ವಲಸಿಗರ ಮಕ್ಕಳು, ಅಲ್ಲಿ ಕುಳಿತು ಅವನನ್ನು ಸೃಷ್ಟಿಸಿದರು. ಬೇರೊಂದು ಲೋಕದಿಂದ ಬಂದು, ಹೆಸರು ಬದಲಿಸಿಕೊಂಡು, ಕನ್ನಡಕ ಹಾಕಿಕೊಂಡು ಇಲ್ಲಿಯವರಂತೆಯೇ ಕೆಲಸಕ್ಕೆ ಹೋಗುವ ನಾಯಕನನ್ನು ವಲಸಿಗರ ಮಕ್ಕಳಲ್ಲದೆ ಇನ್ನಾರು ಕಲ್ಪಿಸಿಯಾರು? 1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಎಂಬ ಮಾಸಿಕದ ಮೊದಲ ಸಂಚಿಕೆಯಲ್ಲಿ ಆತ ಪ್ರಕಟಗೊಂಡ. ಬೆಲೆ ಹತ್ತು ಸೆಂಟು. ಸೂಪರ್‌ಮ್ಯಾನ್‌ನ ಸಕಲ ಹಕ್ಕುಗಳಿಗಾಗಿ ಆ ಇಬ್ಬರಿಗೆ ದೊರೆತದ್ದು 130 ಡಾಲರ್.

ಆ ಸಂಚಿಕೆ ಎರಡು ಲಕ್ಷದಷ್ಟು ಅಚ್ಚಾಯಿತೆಂದು ಹೇಳುತ್ತಾರೆ; ಇಂದು ಉಳಿದಿರುವುದು ನೂರರ ಆಸುಪಾಸಿನಲ್ಲಿ ಎಂಬುದು ಅಂದಾಜು. ಉಳಿದವು ಎಲ್ಲಿ ಹೋದವು? ಒಂದಿಷ್ಟು ಮಕ್ಕಳ ಕೈಯಲ್ಲೇ ಹರಿದು ಹೋದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವ ಉಂಟಾದಾಗ ಶಾಲಾ ಬಾಲಕರು ಮನೆಮನೆಗೆ ಹೋಗಿ ಹಳೆಯ ಕಾಗದ ಕೂಡಿಸಿದರು. ದೇಶಸೇವೆಯ ಹೆಸರಿನಲ್ಲಿ ಗಾಡಿಗಟ್ಟಲೆ ಕಾಮಿಕ್‌ಗಳು ಅದರಲ್ಲಿ ಹೋದವು. ಉಳಿದದ್ದನ್ನು ತಾಯಂದಿರು ಮನೆ ಗುಡಿಸುವಾಗ ಎಸೆದರು.

ಅದಕ್ಕಿಂತ ಘೋರವಾದ ಅಧ್ಯಾಯವೊಂದಿದೆ. ಅದರ ಮುಖ್ಯ ಪಾತ್ರಧಾರಿ ನನ್ನಂತೆಯೇ ಹೊರದೇಶದಿಂದ ಬಂದ ವೈದ್ಯ. ಡಾ. ಫ್ರೆಡ್ರಿಕ್ ವರ್ಥಮ್ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ 1895ರಲ್ಲಿ ಹುಟ್ಟಿ, 1922ರಲ್ಲಿ ಅಮೆರಿಕಕ್ಕೆ ಬಂದ ಮನೋವೈದ್ಯರು. ಅವರು ಕ್ಷುಲ್ಲಕ ವ್ಯಕ್ತಿಯಲ್ಲ. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕಪ್ಪು ಜನರಿಗಾಗಿ ಮಾನಸಿಕ ಚಿಕಿತ್ಸಾಲಯ ತೆರೆದವರು. ಶಾಲೆಗಳಲ್ಲಿ ವರ್ಣಭೇದವು ಮಕ್ಕಳ ಮನಸ್ಸನ್ನು ಘಾಸಿಗೊಳಿಸುತ್ತದೆಂದು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದವರು. ಅದೇ ವರ್ಥಮ್, ತಮ್ಮ ಬಳಿ ಬರುತ್ತಿದ್ದ ದಾರಿತಪ್ಪಿದ ಬಾಲಕರೆಲ್ಲ ಕಾಮಿಕ್ ಓದುವುದನ್ನು ಕಂಡು, ಓದೇ ರೋಗದ ಮೂಲವೆಂದು ನಿರ್ಣಯಿಸಿದರು. ಆ ಕಾಲದಲ್ಲಿ ಕಾಮಿಕ್ ಓದದ ಬಾಲಕನೇ ಅಪರೂಪವೆಂಬುದನ್ನು ಗಮನಿಸಲಿಲ್ಲ. 1948ರಲ್ಲಿಯೇ ಕೆಲವು ಊರುಗಳಲ್ಲಿ ಕಾಮಿಕ್‌ಗಳನ್ನು ರಾಶಿ ಹಾಕಿ, ಮಕ್ಕಳ ಸಮ್ಮುಖದಲ್ಲಿ ಬೆಂಕಿಯಿಟ್ಟಿದ್ದರು. 1954ರಲ್ಲಿ ವರ್ಥಮ್ ಅವರ 'ಸೆಡಕ್ಷನ್ ಆಫ್ ದಿ ಇನೊಸೆಂಟ್' ಗ್ರಂಥ ಹೊರಬಂತು. ಅದೇ ವರ್ಷ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ಹೇರಿಕೊಂಡರು. ಆ ಕಟ್ಟಳೆಯ ಮುದ್ರೆ 2011ರವರೆಗೂ ಯಾವುದಾದರೊಂದು ರಕ್ಷಾಪುಟದ ಮೇಲೆ ಉಳಿದಿತ್ತು.

ವರ್ಥಮ್ ಅವರ ಖಾಸಗಿ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ಮುಕ್ತವಾದದ್ದು 2010ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಎಂಬ ವಿದುಷಿ ಅವುಗಳನ್ನು ಗ್ರಂಥದೊಡನೆ ಹೋಲಿಸಿ ನೋಡಿ 2012ರಲ್ಲಿ ಪ್ರಕಟಿಸಿದ ಲೇಖನವನ್ನು ನಾನು ಓದಿದಾಗ ಮನಸ್ಸು ಕಹಿಯಾಯಿತು. ರೋಗಿಗಳ ವಯಸ್ಸು ಬದಲಾಗಿತ್ತು. ಇಬ್ಬರ ಮಾತು ಒಬ್ಬನ ಬಾಯಿಗೆ ಬಂದಿತ್ತು. ಮಗುವಿನ ಮನೆಯ ದೌರ್ಜನ್ಯ, ಬಡತನಗಳ ವಿವರ ಬಿಟ್ಟು ಹೋಗಿ, ಕಾಮಿಕ್ ಮಾತ್ರ ಉಳಿದಿತ್ತು. ಕೇಸ್ ಶೀಟು ತಿದ್ದಿದ ವೈದ್ಯನನ್ನು ನಾವು ಏನೆನ್ನುತ್ತೇವೆಂಬುದನ್ನು ಈ ಸಭೆಯಲ್ಲಿರುವ ನನ್ನ ವೃತ್ತಿಬಾಂಧವರಿಗೆ ಹೇಳಬೇಕಿಲ್ಲ. ಮತ್ತೊಂದು ವಿಚಿತ್ರವೆಂದರೆ, ವರ್ಥಮ್ ತಮ್ಮ ಗ್ರಂಥದಲ್ಲಿ ಖಂಡಿಸಿದ ಸಂಚಿಕೆಗಳನ್ನೇ ಸಂಗ್ರಾಹಕರು ಇಂದು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ. ಬೆಲೆಪಟ್ಟಿಯಲ್ಲಿ ಅವಕ್ಕೆ ಪ್ರತ್ಯೇಕ ಗುರುತೇ ಇದೆ.

ಸಂಗ್ರಹವು ಸಂಘಟಿತ ಹವ್ಯಾಸವಾದದ್ದು 1960ರ ದಶಕದಲ್ಲಿ, ಬಾಲ್ಯದ ಪುಸ್ತಕಗಳನ್ನು ಮರಳಿ ಅರಸಿ ಹೊರಟ ವಯಸ್ಕರಿಂದ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಅವರ ಬೆಲೆಪಟ್ಟಿ ಹೊರಬಂದ ಮೇಲೆ, ಹಳೆಯ ಪುಸ್ತಕದಂಗಡಿಯ ಮೂಲೆಯಲ್ಲಿ ಬಿದ್ದಿದ್ದ ವಸ್ತುವಿಗೆ ಒಂದು ಮಾರುಕಟ್ಟೆ ದರ ನಿಗದಿಯಾಯಿತು. ಬೆಲೆ ನಿಂತದ್ದು ಪುಸ್ತಕದ ಸ್ಥಿತಿಯ ಮೇಲೆ. ಕಾಮಿಕ್‌ಗಳನ್ನು ಅಚ್ಚು ಹಾಕುತ್ತಿದ್ದ ನ್ಯೂಸ್‌ಪ್ರಿಂಟ್ ಅತಿ ಅಗ್ಗದ ಕಾಗದ. ಮರದ ತಿರುಳಿನ ಲಿಗ್ನಿನ್ ಅದರಲ್ಲೇ ಉಳಿದಿರುವುದರಿಂದ ಬೆಳಕು, ಗಾಳಿ, ಶಾಖ ತಗಲಿದಂತೆ ಅದು ಹಳದಿಯಾಗಿ, ಆಮ್ಲೀಯವಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. 1977ರಲ್ಲಿ ಕೊಲೊರಾಡೊದ ಯುವ ವ್ಯಾಪಾರಿ ಚಕ್ ರೊಜಾನ್ಸ್ಕಿ, ಎಡ್ಗರ್ ಚರ್ಚ್ ಎಂಬವರ ಮನೆಯಿಂದ ಹದಿನೆಂಟು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ಕೊಂಡರು. ಡೆನ್ವರ್ ಪ್ರದೇಶದ ಒಣ, ತಂಪು ಹವೆಯಲ್ಲಿ ಒಂದರ ಮೇಲೊಂದು ಬಿಗಿಯಾಗಿ ಪೇರಿಸಿಟ್ಟಿದ್ದರಿಂದ ಒಳಗೆ ಗಾಳಿಯಾಡದೆ, ನಾಲ್ಕು ದಶಕದ ಹಾಳೆಗಳೂ ಬೆಳ್ಳಗೇ ಇದ್ದವು. ನಮ್ಮ ಶಿವಮೊಗ್ಗದ ಮಳೆಗಾಲ ಮತ್ತು ಗೆದ್ದಲಿನ ನಡುವೆ ಇಂಥದ್ದನ್ನು ಊಹಿಸಲೂ ಆಗದು.

ಸ್ಥಿತಿಯನ್ನು ನಿರ್ಣಯಿಸುವವರು ಯಾರು? ಬಹುಕಾಲ ಮಾರುವವನೇ ನಿರ್ಣಯಿಸುತ್ತಿದ್ದ. 'ಗುಡ್' ಎಂದರೆ ಮೂಲೆಗಳು ಮಡಿಚಿ, ಬೆನ್ನು ಸೀಳಿ, ಹೇಗೋ ಒಂದಾಗಿ ಉಳಿದ ಪುಸ್ತಕ. ತೀವ್ರ ನಿಗಾ ಘಟಕದ ರೋಗಿಯನ್ನು ನಾವು 'ಸ್ಟೇಬಲ್' ಎನ್ನುವುದಿಲ್ಲವೇ, ಹಾಗೆ. 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಆರಂಭವಾದ ಮೇಲೆ ಮೂರನೆಯವರ ಪರೀಕ್ಷೆ ರೂಢಿಗೆ ಬಂತು. ಅವರು ಪುಟಗಳನ್ನು ಎಣಿಸುತ್ತಾರೆ. ಪಿನ್ನಿನ ತುಕ್ಕು, ಬೆನ್ನಿನ ಸೂಕ್ಷ್ಮ ಗೀರುಗಳು, ಹಾಳೆಯ ಬಣ್ಣವನ್ನು ನೋಡುತ್ತಾರೆ. ಯಾರಾದರೂ ಬಣ್ಣ ತುಂಬಿ, ಅಂಟು ಹಚ್ಚಿ ರಿಪೇರಿ ಮಾಡಿದ್ದಾರೆಯೇ ಎಂದು ಹುಡುಕುತ್ತಾರೆ. ಬಳಿಕ 0.5ರಿಂದ 10ರವರೆಗೆ ಒಂದು ಅಂಕ ಕೊಟ್ಟು ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಬಿಡುತ್ತಾರೆ. ಕಾಲು ಅಂಗುಲದ ಒಂದು ಮಡಿಕೆ ಸಾವಿರಾರು ಡಾಲರನ್ನು ನುಂಗುತ್ತದೆ. ಈ ಪದ್ಧತಿಯಿಂದ ಮೋಸ ಕಡಿಮೆಯಾಯಿತೆಂಬುದನ್ನು ಒಪ್ಪುತ್ತೇನೆ. ಆದರೆ ಮುಚ್ಚಿದ ಪುಸ್ತಕವನ್ನು ಯಾರೂ ಓದಲಾರರು. ಕವಚ ಒಡೆದರೆ ಅಂಕ ಹೋಯಿತು. ಓದಲೆಂದು ಹುಟ್ಟಿದ ವಸ್ತು ಷೇರುಪತ್ರವಾಗುವುದು ನನಗೆ ಹಿಡಿಸದು.

ಷೇರುಪೇಟೆಯಂತೆಯೇ ಇಲ್ಲಿಯೂ ಕುಸಿತವಾಗಿದೆ. 1991ರಲ್ಲಿ 'ಎಕ್ಸ್-ಮೆನ್' ಹೊಸ ಮಾಲೆಯ ಮೊದಲ ಸಂಚಿಕೆ ಎಂಬತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮಕ್ಕಳ ಕಾಲೇಜಿನ ಖರ್ಚಿಗಾದೀತೆಂದು ಜನ ಹತ್ತು ಹತ್ತು ಪ್ರತಿ ಕೊಂಡು ಬಿಚ್ಚದೆ ಇಟ್ಟರು. ಎಲ್ಲರೂ ಕಾಪಾಡಿದ ವಸ್ತುವಿಗೆ ಬೆಲೆ ಬರುವುದೆಂತು? ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು. ನಾನು ಈ ದೇಶಕ್ಕೆ ಬಂದ ವರ್ಷದ ಡಿಸೆಂಬರಿನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು. ಅತ್ತ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ 8.5 ಅಂಕದ ಪ್ರತಿಯೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಸೀಗಲ್, ಶುಸ್ಟರರಿಗೆ ಆ 130 ಡಾಲರನ್ನು ಪಾವತಿ ಮಾಡಿದ ಚೆಕ್ಕೇ 2012ರಲ್ಲಿ 1,60,000 ಡಾಲರಿಗೆ ಹೋಯಿತು. ಅವರಿಬ್ಬರೂ ಆ ವೇಳೆಗೆ ತೀರಿಕೊಂಡಿದ್ದರು.

ಇನ್ನು ನನ್ನ ನಷ್ಟದ ವಿಚಾರ. ಮಗ ಎಂಟು ವರ್ಷದವನಿದ್ದಾಗ ಗಣಿತದಲ್ಲಿ ಹಿಂದೆ ಬಿದ್ದ. ವರ್ಥಮ್ ಹೆಸರನ್ನೂ ಕೇಳದಿದ್ದ ನಾನು, ಅವರು ಮಾಡಿದ ನಿರ್ಣಯವನ್ನೇ ಮಾಡಿ, ಅವನ ಎರಡು ಪೆಟ್ಟಿಗೆ ಕಾಮಿಕ್‌ಗಳನ್ನು ಒಂದು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕೊಟ್ಟುಬಿಟ್ಟೆ. "ಅವನನ್ನ ಒಂದು ಮಾತು ಕೇಳಬಹುದಿತ್ತಲ್ಲಾರೀ" ಎಂದು ನನ್ನಾಕೆ ಹೇಳಿದಳು. ಮಗ ಏನೂ ಹೇಳಲಿಲ್ಲ. ಬಹಳ ದಿನ ಏನೂ ಹೇಳಲಿಲ್ಲ. ಅವನ ಗಣಿತ ಸುಧಾರಿಸಿದ್ದು ಮರುವರ್ಷ, ಕನ್ನಡಕ ಹಾಕಿಸಿದ ಮೇಲೆ. ವೈದ್ಯನ ಮನೆಯಲ್ಲಿ ಆ ಹುಡುಗನಿಗೆ ಕರಿಹಲಗೆ ಕಾಣುತ್ತಿರಲಿಲ್ಲ!

ನನಗಾದರೂ ನೆನಪಿರಬೇಕಿತ್ತು. ನಾನು ಬೆಳೆದದ್ದು ಇಂದ್ರಜಾಲ ಕಾಮಿಕ್ಸ್ ಮತ್ತು ಅಮರ ಚಿತ್ರಕಥೆಯ ಮೇಲೆ. ಅಮರ ಚಿತ್ರಕಥೆಯ ಸಂಪಾದಕ ಅನಂತ ಪೈ ನಮ್ಮ ಕಾರ್ಕಳದವರು. ಆ ಮಾಲೆಯ ಇಂಗ್ಲಿಷ್ 'ಕೃಷ್ಣ' ಸಂಚಿಕೆಗೆ ಹನ್ನೊಂದೆಂಬ ಸಂಖ್ಯೆ ಇರುವುದಕ್ಕೆ ಕಾರಣ, ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳ ಕನ್ನಡ ಅನುವಾದಗಳಾಗಿದ್ದುದು. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವನ್ನು ಹೊರತಂದರು. ಕನ್ನಡದಲ್ಲಿ ಮೊದಲಾದ ಆ ಕೆಲಸದ ಕೀರ್ತಿ ಅವರಿಗೆ ಸಲ್ಲಬೇಕಾದಷ್ಟು ಸಲ್ಲಲಿಲ್ಲ.

ನಾನು ಎಂ.ಬಿ.ಬಿ.ಎಸ್. ಓದಲು ಹಾಸ್ಟೆಲಿಗೆ ಹೋದ ವರ್ಷ ಅಮ್ಮ ನನ್ನ ಬಿಡಿ ಸಂಚಿಕೆಗಳನ್ನೆಲ್ಲ ರದ್ದಿಯವನ ತಕ್ಕಡಿಗೆ ಹಾಕಿದಳು. ಅವಳು ತೀರಿಕೊಂಡ ಬಳಿಕ, ಎರಡು ವರ್ಷದ ಹಿಂದೆ, ಮಗನೊಡನೆ ಅಟ್ಟ ಖಾಲಿ ಮಾಡುವಾಗ ಒಂದೇ ಒಂದು ಸಂಪುಟ ಸಿಕ್ಕಿತು. ಅಪ್ಪ ಎಂಟು ಅಮರ ಚಿತ್ರಕಥೆಗಳನ್ನು ಸೇರಿಸಿ ಬೈಂಡು ಮಾಡಿಸಿದ್ದು. ರಟ್ಟು ಇದ್ದುದರಿಂದ ಅಮ್ಮ ಅದನ್ನು 'ಪುಸ್ತಕ'ವೆಂದು ಎಣಿಸಿ ಉಳಿಸಿದ್ದಳು. ಬೈಂಡರು ಅಂಚು ಕತ್ತರಿಸಿದ್ದಾನೆ, ಪಿನ್ನು ಕಿತ್ತು ದಾರ ಹೊಲಿದಿದ್ದಾನೆ, ಮೊದಲ ಪುಟದಲ್ಲಿ ನನ್ನ ಹೆಸರು, ಏಳನೆಯ ತರಗತಿ, ಶಾಯಿಯ ಕಲೆ. ಮಗ ಈಗ ತಾನೇ ದುಡಿದು ಕಾಮಿಕ್ ಕೂಡಿಸುತ್ತಾನೆ. ಅವನು ಅಟ್ಟದ ಮೆಟ್ಟಿಲ ಮೇಲೆ ಕುಳಿತು, ಪರೀಕ್ಷಕರು ಎಣಿಸುವಂತೆ ಒಂದೊಂದೇ ಹಾಳೆ ಎಣಿಸಿದ.

"ಅಪ್ಪ, ಐದನೇದರಲ್ಲಿ ಒಂದು ಹಾಳೆ ಇಲ್ಲ" ಎಂದ.

ಅದನ್ನು ಕಿತ್ತವಳು ನನ್ನ ತಂಗಿ, ಶಾಲೆಯ ಆಲ್ಬಮ್ಮಿಗೆ ಚಿತ್ರ ಅಂಟಿಸಲು. ಅದಕ್ಕಾಗಿ ನಾನವಳಿಗೆ ಹೊಡೆದಿದ್ದೆ. ಆ ರಾತ್ರಿಯೇ ಮೈಸೂರಿಗೆ ಫೋನು ಮಾಡಿ ಕೇಳಿದೆ, ಅವಳಿಗೂ ನೆನಪಿತ್ತು.