‘ಮಿಸಲ್’ ಎಂದರೆ ಏನು?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಹಳೆಯ ಮನೆಗಳಲ್ಲಿ ನಿಜಾಮರ ಕಾಲದ ಉರ್ದು ಕೋರ್ಟು ಕಾಗದಗಳಿದ್ದರೆ, ಅವುಗಳ ಮೇಲ್ಭಾಗದಲ್ಲಿ ‘ನಿಶಾನ್ ಮಿಸಲ್’ ಎಂದು ಬರೆದಿರುವುದು ಕಾಣಸಿಗಬಹುದು. ಇಲ್ಲಿ ನಿಶಾನ್ ಎಂದರೆ ನಂಬರು. ಮಿಸಲ್ ಎಂದರೆ ಒಂದು ವ್ಯಾಜ್ಯದ ಪೂರ್ತಿ ಕಡತ. ದಾವೆ ಅರ್ಜಿ, ಎದುರು ಪಕ್ಷದ ಜವಾಬು, ಸಾಕ್ಷಿಗಳ ಹೇಳಿಕೆ, ಹಾಜರುಪಡಿಸಿದ ದಸ್ತಾವೇಜು, ಕೊನೆಗೆ ಫೈಸಲಾ ಎಲ್ಲವೂ ಅದರಲ್ಲೇ ಸೇರಿರುತ್ತವೆ. ಫೈಸಲಾ ಒಂದನ್ನೇ ಮಿಸಲ್ ಎನ್ನುವುದು ಸರಿಯಲ್ಲ.

ಪದದ ಮೂಲ ಅರಬ್ಬಿ. ಅಲ್ಲಿ ‘ಮಿಸ್ಲ್’ ಎಂದರೆ ಸಮಾನವಾದದ್ದು, ಅದರಂತೆಯೇ ಇರುವುದು. ಉದಾಹರಣೆ ಎಂಬ ಅರ್ಥದ ‘ಮಿಸಾಲ್’ ಕೂಡ ಇದೇ ಧಾತುವಿನಿಂದ ಬಂದದ್ದು. ಮಸಲತ್ತಿಗೆ ಮಾತ್ರ ಇದರೊಂದಿಗೆ ನಂಟಿಲ್ಲ.

ನಮ್ಮ ‘ಕಡತ’ದ ಕಥೆಯೇ ಬೇರೆ. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆ ಪುಸ್ತಕಕ್ಕೆ ಆ ಹೆಸರಿತ್ತು. ಬಳಪದಲ್ಲಿ ಬರೆಯುತ್ತಿದ್ದರು, ಬೇಕಾದರೆ ಅಳಿಸುತ್ತಿದ್ದರು. ಈಗ ಸರಕಾರಿ ಫೈಲಿಗೇ ಆ ಹೆಸರು.

ಜಮೀನು ತಕರಾರಿಗಾಗಿ ಹಳೆಯ ಮಿಸಲ್ ಹುಡುಕುವವರು ಒಂದು ಸಂಗತಿ ಗಮನಿಸಬೇಕು. 1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಆದ್ದರಿಂದ ಸಂಗಾರೆಡ್ಡಿ, ವಿಕಾರಾಬಾದಿನಲ್ಲಿ ಸಿಗದಿದ್ದರೆ ಬೀದರ್, ಕಲಬುರಗಿಯಲ್ಲೂ ವಿಚಾರಿಸುವುದು ಒಳ್ಳೆಯದು. ಹೋಗುವಾಗ ಮಿಸಲ್ ನಂಬರಿನ ಜೊತೆ ಫಸಲಿ ವರ್ಷವನ್ನೂ ಬರೆದುಕೊಳ್ಳಿ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ.